ಮೆಣಸಿನಕಾಯಿ ಶೆಡ್ಡಿಗೆ ಹೋದ ಲೈಬ್ರರಿ

"ಇಷ್ಟು ಪುಸ್ತಕ ಯಾರಿಗಂತ ಕಾಯಾಕತ್ತಾವ?"

ಖಾಲಿ ಹಾಲ್‌ನಲ್ಲಿ ನಿಂತು ವಿಶಾಲಾಕ್ಷಿ ಗಟ್ಟಿಯಾಗಿಯೇ ಕೇಳಿದಳು... ಉತ್ತರ ಕೊಡಲು ಅಲ್ಲಿ ತಿರುಗುವ ಫ್ಯಾನ್ ಬಿಟ್ಟರೆ ಯಾರೂ ಇರಲಿಲ್ಲ.

ಒಣಮೆಣಸಿನಕಾಯಿ ಮಾರ್ಕೆಟ್ಟಿನ ಪಕ್ಕದ ಚಿಕ್ಕ ಶಾಖಾ ಗ್ರಂಥಾಲಯ ಅದು. ವಿಶಾಲಾಕ್ಷಿ ಅಲ್ಲಿನ ಲೈಬ್ರರಿಯನ್.

ಮೇಲಿನ ಆಫೀಸಿನಿಂದ ಮಾತು ಬಂದಿತ್ತು... "ಓಣಿಯ ಜನ ಲೈಬ್ರರಿಗೆ ಹತ್ತಿರವಾಗುವಂತೆ ಏನಾದರೂ ಪ್ಲಾನ್ ಮಾಡಿ. ಆಗದಿದ್ದರೆ ಶಾಖೆ ಮುಚ್ಚಿ, ಪುಸ್ತಕಗಳನ್ನು ದೊಡ್ಡ ಲೈಬ್ರರಿಗೆ ಸಾಗಿಸುತ್ತೇವೆ."

ಪ್ಲಾನ್ ಆಯಿತು. ಓದುಗರ ಸಮಿತಿಯ ಹಿರಿಯರು, ಮುರಿಗೆಪ್ಪ ಮಾಸ್ತರು, ಒಂದು ಕಪ್ ಚಹಾ ಮುಗಿಯುವುದರೊಳಗೆ ಎಲ್ಲವನ್ನೂ ಹೇಳಿಬಿಟ್ಟರು. ಕ್ವಿಜ್... ಭಾಷಣ... ದೊಡ್ಡದೊಂದು ಬ್ಯಾನರ್.

ಬ್ಯಾನರ್ ಬಿಸಿಲಿಗೆ ಬಣ್ಣಗೆಟ್ಟಿತು, ಜನ ಬರಲಿಲ್ಲ. ಕ್ವಿಜ್‌ಗೆ ಬಂದವರು ಮಾಸ್ತರರ ಇಬ್ಬರು ಮೊಮ್ಮಕ್ಕಳು ಮಾತ್ರ... ಇಬ್ಬರಿಗೂ ಮೊದಲ ಬಹುಮಾನ!

"ಎದುರಿನ ಶೆಡ್ಡಿನಾಗ ಅಷ್ಟು ಹೆಣ್ಮಕ್ಕಳು ಅದಾರ. ಒಬ್ಬಾಕಿನೂ ಇತ್ತ ಹಣಿಕಿ ಹಾಕಲಿಲ್ಲ ನೋಡ್ರಿ. ಅವರಿಗೂ ಪುಸ್ತಕಕ್ಕೂ ಎಣ್ಣಿ-ಸೀಗಿ, ಬಾಯಾರ" ಎಂದರು ಮಾಸ್ತರು.

ಆ ಶೆಡ್ಡಿನಲ್ಲಿ ಹೆಂಗಸರು ದಿನವಿಡೀ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರು ಯಾಕೆ ಬರುವುದಿಲ್ಲ ಎಂದು ವಿಶಾಲಾಕ್ಷಿ ಎಲ್ಲರನ್ನೂ ಕೇಳಿದ್ದಳು... ಅವರನ್ನು ಮಾತ್ರ ಬಿಟ್ಟು.

ಅವತ್ತು ರಸ್ತೆ ದಾಟಿ ಒಳಗೆ ಹೋದಳು. ಘಾಟಿಗೆ ಸೀನಿನ ಮೇಲೆ ಸೀನು!

ಶೆಡ್ಡಿಗೆ ಶೆಡ್ಡೇ ನಕ್ಕಿತು. ಎಲ್ಲರಿಗಿಂತ ಹಿರಿಯಳಾದ ಹೊನ್ನವ್ವ ಕರೆದಳು... "ಬರ್ರಿ ಬಾಯಾರ, ನಮ್ಮ ಊದಿನಕಡ್ಡಿ ಘಮ ಹೆಂಗೈತಿ?"

ಮೂಗು ಒರೆಸಿಕೊಂಡು ವಿಶಾಲಾಕ್ಷಿ ಕೇಳಿಯೇಬಿಟ್ಟಳು. "ಎದುರಿಗೇ ಲೈಬ್ರರಿ ಐತಿ. ಒಬ್ಬರೂ ಯಾಕ ಬರಂಗಿಲ್ಲವಾ? ಓದೂದಂದ್ರ ಬ್ಯಾಸರೇನು?"



ಮೂಲೆಯಲ್ಲಿ ಕೂತಿದ್ದ ಹಸೀನಾ ಎಂಬ ಹುಡುಗಿ ತಲೆ ಎತ್ತಿದಳು. ಎಸ್ಸೆಸ್ಸೆಲ್ಸಿ ಪಾಸಾದವಳು, ಮಡಿಲಿಗೆ ಒಂದು ಕೂಸು ಬಂದ ಮೇಲೆ ಈ ಕೆಲಸಕ್ಕೆ ಸೇರಿದವಳು.

"ನನಗ ಬಾಳ ಆಸೆ ಐತ್ರಿ. ಬಾಗಲತನಾ ಬಂದು ತಿರುಗಿ ಹೋಗೇನಿ..."

"ಯಾಕವಾ? ಯಾರರೆ ಏನರೆ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ. ಈ ಕೈ ನೋಡ್ರಿ... ಎಷ್ಟ ಸಾಬೂನ ಹಚ್ಚಿ ತೊಳದ್ರೂ ಖಾರ ಹೋಗಂಗಿಲ್ಲ. ನನ್ನ ಕೂಸು ಅತ್ರ, ಕಣ್ಣೀರು ಒರಸಾಕ ನಮ್ಮತ್ತೀನ ಕರೀತೇನಿ. ನಾ ಅದರ ಮುಖಾ ಮುಟ್ಟಂಗಿಲ್ಲ."

ಹಸೀನಾಳ ದನಿ ತಗ್ಗಿತು.

"ಇಂಥಾ ಕೈಲೆ ಪುಸ್ತಕ ತಗದ್ರ, ನಾಳೆ ಅದನ್ನ ಯಾರದೋ ಮಕ್ಕಳು ಓದ್ತಾವ... ಓದಿ ಕಣ್ಣು ಉಜ್ಜಿಕೊಂಡ್ರ?"



ಪುಸ್ತಕದ ಬೆಲೆ ಗೊತ್ತಿಲ್ಲದವರು ಎಂದು ತಾನು ನಂಬಿಕೊಂಡಿದ್ದ ಹೆಂಗಸರು... ಎಂದೂ ಕಾಣದ ಯಾವುದೋ ಮಗುವಿನ ಕಣ್ಣಿಗಾಗಿ ತಮ್ಮ ಆಸೆಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು.

ಅವಳ ಕಣ್ಣು ತುಂಬಿತು.

"ಕೈಲೆ ಕಣ್ಣ ಮುಟ್ಟಬ್ಯಾಡ್ರಿ ಬಾಯಾರ, ಇನ್ನಷ್ಟು ಉರೀತಾವ" ಎಂದಳು ಹೊನ್ನವ್ವ. "ಸೆರಗಿಲೆ ಒರಸ್ಕೋರಿ."

ಸೆರಗಿನಿಂದ ಕಣ್ಣು ಒರೆಸಿಕೊಂಡು ವಿಶಾಲಾಕ್ಷಿ ಕೇಳಿದಳು. "ನಾನೇ ಬಂದು ಓದಿದ್ರ... ನೀವು ಕೇಳ್ತೀರಿ?"

"ಶ್ರಾವಣದಾಗ ಮಠದಾಗ ಪುರಾಣ ಹಚ್ಚತಾರಲ್ಲ, ಹಂಗೇನು? ಒಬ್ಬರು ಓದೂದು, ಎಲ್ಲಾರೂ ಕೇಳೂದು? ಅಯ್ಯ, ಅದಕ್ಕೇನ ಕೇಳ್ತೀರಿ... ಕುಂಡರ್ರಿ!" ಎಂದಳು ಹೊನ್ನವ್ವ.

ಅಲ್ಲಿಂದ ದಿನಾ ಮಧ್ಯಾಹ್ನ ಒಂದು ತಾಸು ಲೈಬ್ರರಿಯೇ ಶೆಡ್ಡಿಗೆ ಹೋಯಿತು. ಏನು ಓದಬೇಕು ಎಂಬುದನ್ನು ಅವರೇ ಹೇಳುತ್ತಿದ್ದರು. ಒಂದು ದಿನ ಕಥೆ, ಒಂದು ದಿನ ಪೇಪರ್, ಒಂದು ದಿನ ಮಕ್ಕಳ ಆರೋಗ್ಯದ ಪುಸ್ತಕ.

ಕಥೆ ಬಿಗಿಯಾದಾಗ ಎಲ್ಲರ ಕೈ ನಿಂತುಬಿಡುತ್ತಿತ್ತು. "ಕಿವಿ ಅಷ್ಟ ಕೊಡ್ರಿ, ಕೈ ನಿಂತ್ರ ಮಾಲೀಕ ನಮಗ ಬ್ಯಾರೆ ಪುರಾಣ ಓದ್ತಾನ" ಎಂದು ಹೊನ್ನವ್ವ ಗದರುತ್ತಿದ್ದಳು.

ಸಂಜೆ ಅವರ ಮಕ್ಕಳು ಲೈಬ್ರರಿಗೆ ಬರತೊಡಗಿದರು. "ನಮ್ಮವ್ವ ಹೇಳಿದ ಕಥಿ ಯಾವ ಪುಸ್ತಕದಾಗ ಐತ್ರಿ?"

ಹುಡುಕಿಕೊಡುವ ಕೆಲಸ ಮುರಿಗೆಪ್ಪ ಮಾಸ್ತರರದಾಯಿತು. ಅವರ ಚಹಾ ಆರಿಹೋಗುತ್ತಿತ್ತು... ಆದರೂ ಗೊಣಗಲಿಲ್ಲ.

ಒಂದು ದಿನ ಮೇಲಿನ ಆಫೀಸಿನ ಸಾಹೇಬರೇ ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಒಂದು ಮೂಟೆಯ ಮೇಲೆ ಕೂತು ಕೇಳಿದರು.

ಓದು ಮುಗಿದ ಮೇಲೆ ಮೊಬೈಲ್ ಹೊರತೆಗೆದರು.

"ಮೇಡಂ, ಚೆನ್ನಾಗಿದೆ. ಆದರೆ ಮೇಲಿನವರಿಗೆ ಫೋಟೋ ಬೇಕು. ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಡಿ. ಮೆಣಸಿನಕಾಯಿ ಬಿಡಿಸುವ ಫೋಟೋ ಕಳಿಸಿ, ಶಾಖೆ ಉಳಿಸಿ ಎಂದು ನಾನು ಹೇಗೆ ಕೇಳಲಿ?"



ಮೊದಲು ಎದ್ದವಳು ಹಸೀನಾ. ಎರಡೂ ಕೈಗಳನ್ನು ಸೀರೆಗೆ ಮತ್ತೆ ಮತ್ತೆ ಒರೆಸಿಕೊಂಡಳು.

"ಕೊಡ್ರಿ ಬಾಯಾರ... ಲೈಬ್ರರಿ ಉಳೀಲಿ. ಒಂದ ಸಲಕ್ಕ ಹಿಡೀತೇವಿ."

ಅವಳ ಹಿಂದೆ ಹೊನ್ನವ್ವ ಎದ್ದಳು... ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ವಿಶಾಲಾಕ್ಷಿ ತನ್ನ ಮುಂದೆ ಚಾಚಿದ ಆ ಕೈಗಳನ್ನು ನೋಡಿದಳು. ಸ್ವಂತ ಕೂಸಿನ ಕೆನ್ನೆ ಮುಟ್ಟಲು ಹೆದರುವ ಕೈಗಳು.

ಓದುತ್ತಿದ್ದ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಇಲ್ಲ ಸರ್. ಇವರ ಕೈಯಾಗ ಪುಸ್ತಕ ಕೊಡೂದಿಲ್ಲ. ಯಾರದೋ ಮಕ್ಕಳ ಕಣ್ಣು ಉರೀಬಾರ್ದಂತ ಇವರ ಇಷ್ಟು ದಿನ ಪುಸ್ತಕ ಮುಟ್ಟಿಲ್ಲ. ಹೆಂಗ ಕುಂತು ಕೇಳ್ತಾರೋ ಹಂಗ ಫೋಟೋ ತಗೀರಿ... ಇಲ್ಲಂದ್ರ ಬಿಡ್ರಿ."

.

ಜನ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು, ಯಾಕೆ ಬರುವುದಿಲ್ಲ ಎಂದು ಅವರನ್ನೇ ಕೇಳಬೇಕು.

ನಿಮ್ಮ ಬಾಗಿಲ ತನಕ ಬಂದು ತಿರುಗಿ ಹೋದವರು ಯಾರಿದ್ದಾರೆ... ಒಮ್ಮೆಯಾದರೂ ಅವರ ಹತ್ತಿರ ಹೋಗಿ ಕೂತಿದ್ದೀರಾ?