ಬದಲಿ ದನಿ

ಧಾರವಾಡದಲ್ಲಿ ಸಂಗೀತ ಎಂ.ಎ. ಓದುತ್ತಿದ್ದ ಮಂದಾಕಿನಿಗೆ ಅಂದು ಬೆಳಗ್ಗೆ ಪಾಠ, ಮಧ್ಯಾಹ್ನ ಗಾಯನ ಪರೀಕ್ಷೆ, ಸಂಜೆ ಕಛೇರಿ. ಅವಳ ದನಿ ಮಾತ್ರ ಊರಲ್ಲಿರಲಿಲ್ಲ. ಹೆಣ್ಣು ನೋಡಲು ಬರುವವರ ಮುಂದೆ ಹಾಡಬೇಕೆಂದು ಹಾಸ್ಟೆಲ್ ಗೆಳತಿ ಶಿವಲೀಲಾ ಅದನ್ನು ತೆಗೆದುಕೊಂಡು, ತನ್ನದನ್ನು ಇವಳಿಗೆ ಕೊಟ್ಟು ತನ್ನೂರಿಗೆ ಹೋಗಿದ್ದಳು. ಮಧ್ಯಾಹ್ನವಾದರೂ ಬರಲಿಲ್ಲ. ಮಂದಾಕಿನಿ ಆ ಒಡಕು ದನಿಯಲ್ಲೇ ಎದೆಗಟ್ಟಿ ಮಾಡಿಕೊಂಡು ಭೂಪಾಳಿ ಹಾಡಿದಳು.

“ಸ್ವರ ಚೊಕ್ಕ ಅದಾವು. ದನಿ ಯಾರದವಾ?” ಎಂದರು ಪರೀಕ್ಷಕರು.

“ಗೆಳತೀದ್ರಿ ಸರ್. ನಂದು ವರ ನೋಡಾಕ ಹೋಗೇತ್ರಿ.”

ಅವರು ನಗುತ್ತಲೇ ಪಾಸು ಮಾಡಿದರು.

ಕಛೇರಿಯ ಹೊತ್ತಿಗೆ ಶಿವಲೀಲಾ ಓಡಿಬಂದಳು. “ದನಿ ನಂದಲ್ಲಂತ ಹುಡುಗನ ಮುಂದ ಹೇಳಿಬಿಟ್ಟೆ!”

“ಅಯ್ಯ, ಏನಂದ?”

“ಚಲೋ ಆತು ಬಿಡ್ರಿ, ನಾ ಮಾತಾಡೂದೂ ನಮ್ಮಣ್ಣನ ದನೀಲೆ, ಅಂದ.”