ಲ್ಯಾಬಿನ ಪಕ್ಕದ ಮನೆ

ವಿದೇಶದ ವೈರಸ್ ಲ್ಯಾಬಿಗೆ ಅನುದಾನ ಕೊಡುವ ಅಧಿಕಾರಿಯ ಸಂಸಾರ ಆ ಲ್ಯಾಬಿನ ಪಕ್ಕದಲ್ಲೇ ವಾಸವಿರಬೇಕು ಎಂದು ಸರ್ಕಾರ ಕಾನೂನು ಮಾಡಿತು. ಅಂಥ ಅಧಿಕಾರಿ ಮಂದಾಕಿನಿ ಮರುದಿನವೇ ದೂರದ ದ್ವೀಪವೊಂದರ ಲ್ಯಾಬಿನ ಅನುದಾನ ನಿಲ್ಲಿಸಿದಳು. ಅಲ್ಲಿಯವರೆಗೆ ವರ್ಷ ವರ್ಷವೂ ‘ಅಪಾಯವೇನಿಲ್ಲ’ ಎಂದು ಸಹಿ ಗೀಚಿದ ಮಹಾತಾಯಿಯೂ ಅವಳೇ.

ಈಗ ಆ ದ್ವೀಪದ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಮಂದಾಕಿನಿಯ ಮನೆಯ ವಿಡಿಯೊ ಕರೆಯ ಪರದೆಯ ಮೇಲೆ ಬಂದಳು. ಯಂತ್ರ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿತು.

“ಲ್ಯಾಬ್ ಮುಚ್ಚಿಸಿ ಪುಣ್ಯ ಕಟ್ಕೊಂಡ್ರಿ, ಅಮ್ಮಾ. ಮಕ್ಕಳು ಮಾಸ್ಕ್ ಇಲ್ದೇ ಕಡಲಿಗೆ ಇಳೀತಾವೆ. ನಮ್ಮ ಮಕ್ಕಳೂ ನಿಮಗೆ ಸ್ವಂತ ಮಕ್ಕಳ ಹಾಗೇ ಕಂಡ್ರಲ್ಲ!”

ನಾಚಿಕೆಯಿಂದ ಮಂದಾಕಿನಿಯ ತಲೆ ತಗ್ಗಿತು. ಅಷ್ಟರಲ್ಲಿ ಮಗಳು ಓಡಿಬಂದು ಸೆರಗು ಹಿಡಿದೆಳೆದಳು.

“ಅಮ್ಮಾ, ಆ ಕಾಯಿಲೆ ಊರಿಗೆ ನಾವಿನ್ನು ಹೋಗ್ಬೇಕಾಗಿಲ್ಲ ಅಲ್ವಾ?”

ಯಂತ್ರ ಅದನ್ನೂ ಚಾಚೂ ತಪ್ಪದೆ ದ್ವೀಪದ ಭಾಷೆಯಲ್ಲಿ ಹೇಳಿತು.