ಒಂಬತ್ತು ಕಿಲೋಮೀಟರ್

ವಿಚಾರಣಾ ಸಮಿತಿಯ ಕೋಣೆಯ ಹೊರಗೆ ಡಾಕ್ಟರ್ ನಿರಂಜನ ಅವರು ಚೌಡಯ್ಯನ ಹೆಗಲ ಮೇಲೆ ಕೈಯಿಟ್ಟರು. ಆರು ವರ್ಷ ಅವರ ಜೀಪು ಓಡಿಸಿದ್ದರೂ ಆ ಕೈ ಅವನ ಹೆಗಲಿಗೆ ಬಂದದ್ದು ಅದೇ ಮೊದಲು. ಆಗ ಅವರು ಶಿವಮೊಗ್ಗದಲ್ಲಿ ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿ. ಈಗ ಬಡ್ತಿ ಪಡೆದು ಬೆಂಗಳೂರಿನಲ್ಲಿದ್ದಾರೆ. ಚೌಡಯ್ಯ ನಿವೃತ್ತನಾಗಿ ಭದ್ರಾವತಿಯ ಹಳೇನಗರದಲ್ಲಿದ್ದಾನೆ.

“ಹಾಲಮ್ಮ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ ಸಾರ್.”

“ಕೊರೋನಾ ಟೈಮಲ್ಲಿ ಎಲ್ಲೂ ಬೆಡ್ ಇರ್ಲಿಲ್ಲ. ಒಂದೇ ಫೋನಲ್ಲಿ ನಿನ್ನ ಹೆಂಡ್ತಿಗೆ ಕೊಡಿಸ್ದೆ. ನೆನಪಿದೆಯಲ್ಲ?”

“ಮರೆಯೋಕಾಗುತ್ತಾ ಸಾರ್.”

“ಅಷ್ಟು ಸಾಕು. ಒಳಗೆ ಕೇಳಿದ್ರೆ, ಅವತ್ತು ಭದ್ರಾವತಿ ರೋಡಲ್ಲಿದ್ವಿ, ಫೋನ್ ಸಿಗ್ತಿರ್ಲಿಲ್ಲ ಅನ್ನು. ಲಾಗ್‌ಬುಕ್ಕಲ್ಲೂ ಹಾಗೇ ಇದೆ.”

ಆ ಬೆಡ್ಡಿನ ಋಣವೇ ನಾಲ್ಕು ವರ್ಷ ಚೌಡಯ್ಯನ ಬಾಯಿ ಕಟ್ಟಿತ್ತು. ಬೆಳಿಗ್ಗೆ ಮನೆ ಬಿಡುವ ಮೊದಲು ಹಾಲಮ್ಮನಿಗೆ ಎಲ್ಲವನ್ನೂ ಹೇಳಿದ್ದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಆ ಬೆಡ್ಡು ಅವರ ಮನೇದಾ? ಸರ್ಕಾರದ್ದು. ನನ್ನ ಹೆಸರು ಹೇಳ್ಕೊಂಡು ಬಾಯಿ ಮುಚ್ಕೊಂಡಿರ್ಬೇಡಿ ಮಾರಾಯ್ರೆ, ಇದ್ದಿದ್ದು ಇದ್ದಂಗೆ ಹೇಳಿ ಬನ್ನಿ” ಅಂದಿದ್ದಳು. ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವ ಹೊತ್ತಿಗೆ ಅವನ ಎದೆ ಹಗುರಾಗಿತ್ತು.

ಒಳಗೆ ಸಮಿತಿಯ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ, ಕಾಗದ ನೋಡಿ ಓದಿದರು. 2021ರ ಮೇ ತಿಂಗಳ ಒಂದು ಮಧ್ಯಾಹ್ನ. ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಮುಗಿದು ನಾಲ್ವರು ತೀರಿಕೊಂಡಿದ್ದರು. ಶಿವಮೊಗ್ಗದ ಗೋದಾಮಿನಲ್ಲಿ ಸಿಲಿಂಡರುಗಳಿಗೆ ಕೊರತೆಯಿರಲಿಲ್ಲ. ಆದರೆ ಅವು ಹೊರಗೆ ಬರಲು ನಿರಂಜನ ಅವರ ಸಹಿ ಬೇಕಿತ್ತು. ಆಸ್ಪತ್ರೆಯವರು ಒಂದೂವರೆಯಿಂದ ಅವರಿಗೆ ಫೋನ್ ಮಾಡುತ್ತಲೇ ಇದ್ದರು. ಸಹಿ ಬಿದ್ದದ್ದು ನಾಲ್ಕು ಗಂಟೆಗೆ, ನಾಲ್ವರೂ ಹೋದ ಮೇಲೆ.

ಅಧ್ಯಕ್ಷೆ ಜೀಪಿನ ಲಾಗ್‌ಬುಕ್ ತೆರೆದರು. “ಇಲ್ಲಿ ‘ಭದ್ರಾವತಿ ಭೇಟಿ’ ಅಂತಿದೆ. ಇದು ಯಾರ ಕೈಬರಹ?”

“ಆ ಸಾಲು ಸಾಹೇಬ್ರದು ಮೇಡಂ. ಪಕ್ಕದ ಅಂಕಿ ನಂದು.”

“ಯಾವ ಅಂಕಿ?”

“ಮೀಟರಿಂದು. ಹೊರಟಾಗ ಎಷ್ಟಿತ್ತು, ವಾಪಸ್ ಬಂದಾಗ ಎಷ್ಟಿತ್ತು ಅಂತ ದಿನಾ ಬರೀತಿದ್ದೆ. ಕಳೆದು ನೋಡಿ.”

ಅವರು ಪೆನ್ನಿನಲ್ಲಿ ಕಳೆದು ನೋಡಿದರು. ಒಂಬತ್ತು.

“ಭದ್ರಾವತಿಗೆ ಹೋಗಿ ಬಂದ್ರೆ ನಲವತ್ತಾಗ್ಬೇಕು” ಎಂದ ಚೌಡಯ್ಯ. “ನಾವು ಹೋಗಿದ್ದು ಇಲ್ಲೇ ಊರೊಳಗಿನ ಗೋಪಾಳಕ್ಕೆ, ದೊಡ್ಡೋರೊಬ್ಬರ ಮನೆಗೆ. ಆಗ ಜನ ಲಸಿಕೆಗೆ ಬಿಸಿಲಲ್ಲಿ ಕ್ಯೂ ನಿಂತಿದ್ರು. ಆ ಮನೆಯೋರಿಗೆ ಕೂತಲ್ಲೇ ಹಾಕ್ಸಿದ್ರು. ಲಸಿಕೆ ಡಬ್ಬಿ ಒಳಗೆ ಹೊತ್ಕೊಂಡು ಹೋಗಿದ್ದು ನಾನೇ. ಆಮೇಲೆ ಅಲ್ಲೇ ಊಟ. ಸಾಹೇಬ್ರ ಫೋನ್ ಜೀಪಲ್ಲಿತ್ತು, ಒಂದೇ ಸಮನೆ ಬಡ್ಕೊಳ್ತಿತ್ತು. ಎತ್ತಿದ್ರೆ ಆ ಕಡೆ ನರ್ಸಮ್ಮ ಅಳ್ತಿದ್ಲು. ಎರಡು ಸಲ ಒಳಗೆ ಹೋಗಿ ಹೇಳ್ದೆ. ಊಟ ಮುಗೀಲಿ ಅಂದ್ರು. ಮೂರನೇ ಸಲ ನಾನು ಹೋಗ್ಲಿಲ್ಲ. ಅದು ನನ್ನ ತಪ್ಪು.”

ಎದುರಿನ ಕುರ್ಚಿಯಲ್ಲಿದ್ದ ನಿರಂಜನ ಅವರು ಎದ್ದು ನಿಂತರು. “ಮೇಡಂ, ಇವನೊಬ್ಬ ಡ್ರೈವರ್. ಆಡಳಿತದ ವಿಷಯ ಇವನಿಗೇನು ಗೊತ್ತು?”

“ಮೀಟರ್ ಓದೋದು ಗೊತ್ತಲ್ಲ ಡಾಕ್ಟರೇ. ಕೆಳಗಿನ ಸಹಿ ನಿಮ್ಮದೇ ತಾನೆ?”

ನಿರಂಜನ ಅವರು ಬಗ್ಗಿ ಪುಟ ನೋಡಿದರು. “ಅಂಕಿ ನೋಡದೆ ಸಹಿ ಮಾಡಿರ್ಬೇಕು.”

“ಹೇಳಿದ ಹಾಗೇ ಟೈಪ್ ಮಾಡಿ” ಎಂದು ಅಧ್ಯಕ್ಷೆ ಬೆರಳಚ್ಚುಗಾರರಿಗೆ ಹೇಳಿ, ಚೌಡಯ್ಯನ ಕಡೆ ತಿರುಗಿದರು. “ನಾಲ್ಕು ವರ್ಷ ಯಾಕೆ ಸುಮ್ಮನಿದ್ರಿ?”

“ಯಾರೂ ಕೇಳ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ ಮೇಡಂ. ಹೆದರಿದ್ದೆ.”

ಅಧ್ಯಕ್ಷೆ ಲಾಗ್‌ಬುಕ್ಕನ್ನು ತಮ್ಮ ಮುಂದೆಯೇ ಸೀಲು ಮಾಡಿಸಿದರು. “ಇಂಥ ವರದಿಗಳಲ್ಲಿ ‘ವ್ಯವಸ್ಥೆಯ ಲೋಪ’ ಅಂತ ಬರೆದು ಮುಗಿಸೋದು ರೂಢಿ” ಎಂದರು, ನಿರಂಜನ ಅವರನ್ನೇ ನೋಡುತ್ತ. “ನಾನು ಹೆಸರು ಹಾಕಿ ಬರೀತೀನಿ. ಕ್ರಿಮಿನಲ್ ಮೊಕದ್ದಮೆಗೆ ಶಿಫಾರಸು ಮಾಡ್ತೀನಿ.”

ಚೌಡಯ್ಯ ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಅವಳು ಪುಷ್ಪಮ್ಮ. ಅವತ್ತು ಹೋದ ನಾಲ್ವರಲ್ಲಿ ಒಬ್ಬ ಅವಳ ಗಂಡ, ಕಾರ್ಖಾನೆಯ ಕೆಲಸಗಾರ. ಒಂದು ವಿಚಾರಣೆಯನ್ನೂ ಅವಳು ತಪ್ಪಿಸಿರಲಿಲ್ಲ. ಬಾಗಿಲ ಪಕ್ಕದ ಆ ಬೆಂಚಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಣ್ಣ, ಗೋದಾಮಿಂದ ನಮ್ಮ ಆಸ್ಪತ್ರೆಗೆ ಸಿಲಿಂಡರ್ ಗಾಡಿ ಬರೋಕೆ ಎಷ್ಟೊತ್ತು ಬೇಕು?”

“ಟ್ರಾಫಿಕ್ ಇದ್ರೆ ಮುಕ್ಕಾಲು ಗಂಟೆ ತಾಯಿ.”

“ಅವತ್ತು?”

ಇದನ್ನು ಒಳಗೆ ಯಾರೂ ಕೇಳಿರಲಿಲ್ಲ. ಚೌಡಯ್ಯನಿಗೆ ಆ ಮಧ್ಯಾಹ್ನದ ಶಿವಮೊಗ್ಗ ಕಣ್ಣಿಗೆ ಕಟ್ಟಿತು. ಅಂಗಡಿಗಳ ಬಾಗಿಲುಗಳೆಲ್ಲ ಮುಚ್ಚಿದ್ದವು, ನಡುರಸ್ತೆಯಲ್ಲಿ ನಾಯಿಗಳು ಮಲಗಿದ್ದವು.

“ಅವತ್ತು ಲಾಕ್‌ಡೌನ್. ರಸ್ತೆ ಪೂರ್ತಿ ಖಾಲಿ. ಇಪ್ಪತ್ತೈದು ನಿಮಿಷ ಸಾಕಿತ್ತು.”

ಪುಷ್ಪಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಕೋಣೆಯ ಬಾಗಿಲನ್ನು ಅವನಿಗಾಗಿ ತಾನೇ ತೆರೆದು ಹಿಡಿದಳು.

“ಹಾಗಾದ್ರೆ ಇದನ್ನೂ ಬರೆಸಿ ಬನ್ನಿ. ನಾನು ಕಾಯ್ತೀನಿ.”